ಗುರುವಾರದ ಉಪವಾಸ

ಸಿ.ವಿ. ರಾಮನ್ ನಗರ
೧೦ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಸಿದ್ಧಾರ್ಥ್,

ಹೀಗೆ ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬರೆದಾಗಿದೆ, ಇನ್ನು ಹೊಡೆದು ಹಾಕುವುದಿಲ್ಲ. ನೀನು ಮನೆ ಬಿಟ್ಟು ಹೋದ ಈ ಎರಡು ವರ್ಷದಲ್ಲಿ ನಾವಿಬ್ಬರೂ ಮಾತಾಡಿದ್ದು ಗ್ಯಾಸ್ ಕನೆಕ್ಷನ್ ಬಗ್ಗೆ, ನಿನ್ನ ಸ್ವೆಟರ್ ಬಗ್ಗೆ, ನಮ್ಮಪ್ಪನ ಬಿಪಿ ಬಗ್ಗೆ. ಮೊನ್ನೆ ಫೋನಿಗೆ ನೀನು ಕಳಿಸಿದ ಮೂರು ಸಾಲು ಮಾತ್ರ ಬೇರೆ ಥರ ಇತ್ತು. ಸುಜಾತಾ ಒಂದು ವಾರದಿಂದ ಶಾಲೆಗೆ ಹೋಗಿಲ್ಲ, ಅವರಪ್ಪ ಹಂಪಣ್ಣ ಎಷ್ಟು ಕೇಳಿದರೂ ಹುಡುಗಿ ಬಾಯಿ ಬಿಡುತ್ತಿಲ್ಲ, ಅವಳ ಕ್ಲಾಸ್ ಟೀಚರ್ ನೀನೇ, ಏನಾಯಿತು ಅಂತ ನಿಜ ಹೇಳು.

ಫೋನಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ. ಅತ್ತರೆ ನೀನು ಕರಗುತ್ತೀಯ. ನೀನು ಕರಗಿದರೆ ನಾನು ಅರ್ಧ ಹೇಳಿ ನಿಲ್ಲಿಸಿಬಿಡುತ್ತೇನೆ. ಅದಕ್ಕೆ ಈ ಕಾಗದ. ಕಿರುಪರೀಕ್ಷೆಯಲ್ಲಿ ಉಳಿದ ಹಾಳೆಗಳು ಇವು, ಮಾರ್ಜಿನ್ ನೋಡಿ ನಗಬೇಡ.

ಎಂಟನೇ ಕ್ಲಾಸಿಗೆ ಪ್ರಾಚೀನ ನಾಗರಿಕತೆಗಳ ಪಾಠ ಬಂದಾಗ ನಾನು ಚೀಟಿ ಆಟ ಆಡಿಸುತ್ತೇನಲ್ಲ, ಮೊದಲ ವರ್ಷ ಆ ಚೀಟಿಗಳನ್ನು ಕತ್ತರಿಸಿ ಕೊಟ್ಟವನೇ ನೀನು. ದಿನಕ್ಕೊಂದು ನಾಗರಿಕತೆ. ಬೆಳಿಗ್ಗೆ ಯಾರ ಕೈಗೆ ಯಾವ ಚೀಟಿ ಬರುತ್ತದೋ ಸಂಜೆಯವರೆಗೆ ಅವರು ಅದೇ. ಈಜಿಪ್ಟಿನ ದಿನ ಒಬ್ಬ ಫೇರೋ, ಅವನ ಕೆಳಗೆ ಪುರೋಹಿತರು, ಲಿಪಿಕಾರರು, ಸೈನಿಕರು, ಕುಶಲಕರ್ಮಿಗಳು, ರೈತರು, ಕೊನೆಗೆ ಎಲ್ಲರ ಬ್ಯಾಗ್ ಹೊರುವ ಗುಲಾಮರು. ಬ್ಯಾಬಿಲೋನಿನ ದಿನ ಶ್ರೀಮಂತನೊಬ್ಬ ಇನ್ನೊಬ್ಬ ಶ್ರೀಮಂತನ ಪೆನ್ಸಿಲ್ ಮುರಿದರೆ ಇವನದ್ದೂ ಮುರಿಯಬೇಕು, ಗುಲಾಮನದ್ದು ಮುರಿದರೆ ಗುಲಾಮನ ಒಡೆಯನಿಗೆ ಒಂದು ರಬ್ಬರ್ ಕೊಟ್ಟರೆ ಮುಗಿಯಿತು. ಚೀನಾದ ದಿನ ಓದಿದವರು ಮೇಲೆ, ವ್ಯಾಪಾರಿಗಳು ತಳದಲ್ಲಿ. ಅಕ್ತರ್ ಅಂತ ಒಬ್ಬನಿದ್ದಾನೆ, ಶಿವಾಜಿನಗರದಲ್ಲಿ ಅವರಪ್ಪನ ಅಂಗಡಿ ಇದೆ. ಅವನು ಎದ್ದು ನಿಂತು, ಮಿಸ್, ಹಂಗಾದ್ರೆ ನಮ್ಮಪ್ಪಂಗೆ ಹೇಳಿ ಚೀನಾ ಮಾಲು ತರಿಸೋದೇ ನಿಲ್ಲಿಸ್ತೀನಿ ಅಂದ. ಕ್ಲಾಸೆಲ್ಲ ನಗು. ಗುರುವಾರ ರೋಮ್, ಶುಕ್ರವಾರ ರಿವಿಷನ್. ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಮಿಸ್, ಇಂಡಿಯಾ ಯಾವಾಗ ಅಂತ. ನಮ್ಮದು ನಿಮಗೆ ಗೊತ್ತೇ ಇದೆಯಲ್ಲ ಅಂತ ಹೇಳಿ ಬೋರ್ಡ್ ಒರೆಸುತ್ತೇನೆ. ಹನ್ನೊಂದು ವರ್ಷದಿಂದ ಒರೆಸುತ್ತಿದ್ದೇನೆ.

ಈ ವರ್ಷ ಆ ಕ್ಲಾಸಿನಲ್ಲಿ ಸುಜಾತಾ ಇದ್ದಳು. ಕೈ ಎತ್ತಿ, ಅಪ್ಪಣೆ ಸಿಕ್ಕ ಮೇಲೂ ಒಂದು ಸಲ ಉಗುಳು ನುಂಗಿ ಪ್ರಶ್ನೆ ಕೇಳುವ ಹುಡುಗಿ. ನೀನೇ ಅರ್ಜಿ ಬರೆದು, ನೀನೇ ಓಡಾಡಿ ಆ ಉಚಿತ ಸೀಟು ಕೊಡಿಸಿದ್ದು. ಈಗ ಕ್ಲಾಸ್ ಲೀಡರ್ ಅವಳೇ. ಅವಳ ಕೈಗೆ ಗುಲಾಮಳ ಚೀಟಿ ಬಂದರೆ ಏನು ಮಾಡಲಿ ಅನ್ನುವ ಹೆದರಿಕೆ ನನಗೆ ಹಿಂದಿನ ವಾರದಿಂದಲೇ ಹಿಡಿದಿತ್ತು. ಬೇರೆ ಮಕ್ಕಳಿಗೆ ಅದು ಒಂದು ದಿನದ ತಮಾಷೆ. ಅವಳು ಸಂಜೆ ಮನೆಗೆ ಹೋದರೆ ಅಲ್ಲಿ ಅವರವ್ವ ನಾಲ್ಕು ಮನೆ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿರುತ್ತಾರೆ. ಅದಕ್ಕೆ ನಾನು ಮೋಸ ಮಾಡಿದೆ. ಎಲ್ಲರ ಮುಂದೆ ಡಬ್ಬಿ ಹಿಡಿದೆ, ಅವಳ ಸರದಿ ಬಂದಾಗ ಮಾತ್ರ ನಾನೇ ಕೈ ಹಾಕಿ, ಬೆರಳ ಸಂದಿಯಲ್ಲಿ ಮೊದಲೇ ಇಟ್ಟುಕೊಂಡಿದ್ದ ಚೀಟಿ ಕೊಟ್ಟೆ. ಸೋಮವಾರ ಅವಳು ಫೇರೋ. ಮಂಗಳವಾರ ಬ್ಯಾಬಿಲೋನಿನ ಶ್ರೀಮಂತೆ. ಬುಧವಾರ ಚೀನಾದ ಅಧಿಕಾರಿ. ಎಷ್ಟು ಗಂಭೀರವಾಗಿ ಆಡಿದಳು ಗೊತ್ತಾ, ಫೇರೋ ಆದ ದಿನ ಗುಲಾಮರ ಬೆನ್ನಿನಿಂದ ಎರಡೆರಡು ಬ್ಯಾಗ್ ಇಳಿಸಿ ಸೈನಿಕರಿಗೆ ಹೊರಿಸಿದಳು. ನಾನು ಹೆಮ್ಮೆಯಿಂದ ಬೀಗಿದೆ. ನೀನು ನೋಡಬೇಕಿತ್ತು ಅನ್ನಿಸಿತು.

ಬುಧವಾರ ಪ್ರಿಯಾ ಎಂಬ ಹುಡುಗಿ ಎದ್ದು, ಮಿಸ್, ಸುಜಾತಾ ಒಂದ್ಸಲಾನೂ ಸ್ಲೇವ್ ಆಗ್ಲೇ ಇಲ್ಲ, ಯಾಕೆ ಅಂತ ಕೇಳಿದಳು. ಅವಳ ಮಾತಿನಲ್ಲಿ ವಿಷ ಇರಲಿಲ್ಲ, ಲೆಕ್ಕದಲ್ಲಿ ಚುರುಕು ಹುಡುಗಿ ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಕಿವಿಯವರೆಗೆ ಕೆಂಪಾಗಿ, ಅದೃಷ್ಟ ಅಂದೆ. ಸುಜಾತಾ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು.

ಮುಂದಿನದನ್ನು ಹೇಳುವ ಮೊದಲು ನನ್ನ ಉಪವಾಸದ ವಿಷಯ ಬರೆಯಬೇಕು. ನಿನಗೆ ಅದು ಗೊತ್ತು, ಆದರೆ ಅದು ಹೇಗೆ ಶುರುವಾಯಿತು ಅಂತ ನಾನು ಯಾವತ್ತೂ ಸರಿಯಾಗಿ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಮ್ಮಮ್ಮ ಊರಿಂದ ಒಣಮೀನಿನ ಗೊಜ್ಜು ಕಳಿಸಿದ್ದಳು, ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ಮುಚ್ಚಳ ತೆಗೆಯುತ್ತಿದ್ದಂತೆ ಸ್ಟಾಫ್ ರೂಮಿನಲ್ಲಿ ಯಾರೋ ಕಿಟಕಿ ತೆರೆದರು. ಆಮೇಲೆ ಹೆಡ್ ಮಿಸ್ ಬೃಂದಾ ಮೇಡಂ ಪಕ್ಕಕ್ಕೆ ಕರೆದು, ನಿಮ್ದು ಯಾವ ಕಡೆ ಭಾಗ್ಯಲಕ್ಷ್ಮಿ, ಹೆಸರು ನೋಡಿದ್ರೆ ನಮ್ಮ ಕಡೆಯವರ ಥರಾನೇ ಇದೆ ಅಂದರು. ಕೆ.ಆರ್. ಪುರದಾಚೆ ನಮ್ಮೂರು, ಊರಾಚೆ ನಮ್ಮ ಕೇರಿ, ಅಪ್ಪ ಮುನಿರಾಜಪ್ಪ ದೀಕ್ಷೆ ತೆಗೆದುಕೊಂಡು ಮನೆಯಲ್ಲಿ ಬುದ್ಧನ ಪಟ ಇಟ್ಟ ಮನುಷ್ಯ, ಇದಿಷ್ಟನ್ನೂ ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಹೇಳಿದ್ದು, ಇವತ್ತು ಗುರುವಾರ ಅಲ್ವಾ ಮೇಡಂ, ನಾನು ಊಟ ಮಾಡಲ್ಲ, ಉಪವಾಸ, ಆ ಡಬ್ಬಿ ಪಕ್ಕದ ಮನೆಯವರದ್ದು ಅಂತ. ಮೇಡಂ ಕೂಡ ಗುರುವಾರ ರಾಯರ ಉಪವಾಸ ಮಾಡುವವರು. ಅವತ್ತಿನಿಂದ ಪ್ರತಿ ಗುರುವಾರ ನನಗೂ ಅವರಿಗೂ ಎರಡೆರಡು ಬಾಳೆಹಣ್ಣು, ಒಂದೇ ಫ್ಲಾಸ್ಕಿನ ಕಾಫಿ. ನನ್ನನ್ನು ಸ್ವಂತ ತಂಗಿಯ ಹಾಗೆ ನೋಡಿಕೊಂಡರು. ಕೆಟ್ಟವರಲ್ಲ ಅವರು. ನಿಜ ಹೇಳಿದ್ದರೆ ಏನು ಮಾಡುತ್ತಿದ್ದರೋ, ಆ ಅವಕಾಶವನ್ನು ನಾನು ಅವರಿಗೆ ಕೊಡಲೇ ಇಲ್ಲ.

ನೀನು ಮೊದಮೊದಲು ರೇಗಿಸುತ್ತಿದ್ದೆ, ಯಾವ ಗುರುವಿಗಮ್ಮಾ ಈ ಗುರುವಾರ ಅಂತ. ಆಮೇಲೆ ರೇಗಿಸುವುದನ್ನೂ ಬಿಟ್ಟೆ. ಸುಜಾತಾಳ ಅರ್ಜಿ ಹಿಡಿದು ನೀನು ಶಾಲೆಗೆ ಬಂದ ದಿನ, ನೀನು ನನ್ನ ಕಡೆ ನೋಡಿದ್ದನ್ನು ಗಮನಿಸಿ ಮೇಡಂ, ಇವರು ನಿಮಗೆ ಪರಿಚಯಾನಾ ಅಂತ ಕೇಳಿದರು. ನೀನು ನನ್ನ ಗಂಡ ಅಂದರೆ ನನ್ನ ಕೇರಿಯೂ ಗೊತ್ತಾಗುತ್ತದೆ ಅಂತ ಹೆದರಿ ಇಲ್ಲ ಅಂದೆ. ನೀನೂ ತಕ್ಷಣ, ಇಲ್ಲ ಮೇಡಂ, ಇವತ್ತೇ ನೋಡಿದ್ದು ಅಂದೆ, ನನ್ನ ಮುಖ ಉಳಿಸುವುದಕ್ಕೆ. ಆಮೇಲೆ ಮನೆಯಲ್ಲಿ ಜಗಳ ಆಡಿದ್ದರೆ ನಾವಿಬ್ಬರೂ ಬದುಕಿಕೊಳ್ಳುತ್ತಿದ್ದೆವೇನೋ. ನೀನು ಜಗಳ ಆಡಲಿಲ್ಲ. ಒಂದು ವಾರದ ಮೇಲೆ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು ಹಲಸೂರಿನ ನಿನ್ನ ಸಂಘದ ಆಫೀಸಿನ ಮೇಲಿನ ಕೋಣೆಗೆ ಹೋದೆ.

ಇರಲಿ. ರೋಮಿನ ದಿನಕ್ಕೆ ಬರುತ್ತೇನೆ. ರೋಮಿನಲ್ಲಿ ಒಬ್ಬ ದೊಡ್ಡ ಮನುಷ್ಯ ಇರುತ್ತಾನೆ, ಅವನ ಆಶ್ರಯದಲ್ಲಿ ಇರುವವರೆಲ್ಲ ಬೆಳಿಗ್ಗೆ ಅವನ ಬಾಗಿಲಿಗೆ ಬಂದು ನಮಸ್ಕಾರ ಮಾಡಿ, ಅವನು ಕೊಡುವ ತಿಂಡಿ ಇಸಿದುಕೊಂಡು ಹೋಗಬೇಕು. ಅದಕ್ಕೆ ಆ ಚೀಟಿಯನ್ನು ಹಿಂದಿನ ದಿನವೇ ಎತ್ತುತ್ತೇವೆ. ಯಾರಿಗೆ ಬಂತೋ ಅವರು ಮಾರನೇ ದಿನ ಕ್ಲಾಸಿಗೆಲ್ಲ ಒಂದೊಂದು ಚಾಕೊಲೇಟ್ ತರಬೇಕು. ಪ್ರಿಯಾ ಕೇಳಿದ ಮೇಲಾದರೂ ನಾನು ನಿಲ್ಲಿಸಬೇಕಿತ್ತು. ಹಟ ಬಂತು. ಆ ಚೀಟಿಯನ್ನೂ ಸುಜಾತಾಗೇ ಕೊಟ್ಟೆ. ಕೊಟ್ಟು, ಆಮೇಲೆ ಅವಳನ್ನು ಹೊರಗೆ ಕರೆದು, ಚಾಕೊಲೇಟ್ ನಾನು ತಂದುಕೊಡ್ತೀನಿ, ಮನೇಲಿ ಹೇಳಬೇಡ ಅಂದೆ. ಅವಳು ತಲೆ ಆಡಿಸಿದಳು. ಮನೆಗೆ ಹೋಗಿ ಹೇಳಿದಳು. ಹದಿಮೂರು ವರ್ಷದ ಹುಡುಗಿ, ಇಡೀ ಕ್ಲಾಸಿಗೆ ಕೊಡುವ ಕೈ ತನ್ನದು ಅನ್ನುವುದನ್ನು ಅವ್ವನಿಗೆ ಹೇಳದೆ ಹೇಗೆ ಇರುತ್ತಾಳೆ.

ಗುರುವಾರ ಮೊದಲ ಪೀರಿಯಡ್. ಸುಜಾತಾ ಬಿಳಿ ಹೊದಿಕೆಯೊಂದನ್ನು ಹೆಗಲಿಗೆ ಸುತ್ತಿಕೊಂಡು ಮುಂದೆ ಕುರ್ಚಿಯಲ್ಲಿ ಕೂತಿದ್ದಳು, ಮಕ್ಕಳು ಸಾಲಾಗಿ ನಿಂತಿದ್ದರು. ಬಾಗಿಲಲ್ಲಿ ಅವಳ ಅವ್ವ ಶೇಷಮ್ಮ. ಎರಡು ಮನೆಗೆ ರಜೆ ಹೇಳಿ, ಜೀವನಹಳ್ಳಿಯಿಂದ ದೊಡ್ಡ ಸ್ಟೀಲ್ ಡಬ್ಬಿಯನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ನಡೆದು ಬಂದಿದ್ದರು. ಪಂಚಮಿ ಆಗಿ ಎರಡೇ ದಿನ, ಶೇಂಗಾ ಹೋಳಿಗೆ. ಮೂವತ್ತೆರಡು ಮಕ್ಕಳಿಗೆ ನಲವತ್ತು ಹೋಳಿಗೆ, ಒಂದೂ ಅಂಚು ಹರಿದಿರಲಿಲ್ಲ. ಬೆಲ್ಲ, ಎಳ್ಳು, ಹುರಿದ ಶೇಂಗಾ, ಕ್ಲಾಸ್ ರೂಮೆಲ್ಲ ಘಮ್ ಅಂತ. ನಮ್ಮ ರಾಯಚೂರ್ ಕಡೀ ಮಾಡತಾರ್ರಿ, ಹುಡುಗ್ರು ತಿನ್ಲಿ ಅಂತ ತಂದೆ ಅಂದರು. ಮೊದಲು ನಿಂತಿದ್ದ ಸೂರ್ಯ ಎಂಬ ಹುಡುಗ ಸುಜಾತಾಗೆ ರೋಮನ್ನರ ಹಾಗೆ ಬಗ್ಗಿ ನಮಸ್ಕಾರ ಮಾಡಿ ಒಂದು ಹೋಳಿಗೆ ತೆಗೆದುಕೊಂಡ.

ಆಗ ಪ್ರಿಯಾ ಗುರುತು ಹಿಡಿದಳು. ಅಯ್ಯೋ ಇವ್ರು ನಮ್ಮನೆ ಶೇಷಮ್ಮ ಅಂದಳು. ಬಾತ್‌ರೂಮ್ ತೊಳೆಯೋಕೆ ಬರ್ತಾರೆ, ಅವ್ರಿಗೆ ಕಾಫಿ ಲೋಟ ಬೇರೆ ಇಟ್ಟಿದೀವಿ ಅಂದಳು. ಮನೆಯಲ್ಲಿ ಕಂಡದ್ದನ್ನು ಹೇಳಿದಳು, ಬಸ್ ನಂಬರ್ ಹೇಳುವ ಹಾಗೆ. ಸೂರ್ಯ ಕೈಯಲ್ಲಿದ್ದ ಹೋಳಿಗೆಯನ್ನು ನೋಡಿದ. ಮೆಲ್ಲಗೆ ಡಬ್ಬಿಗೆ ವಾಪಸ್ ಇಟ್ಟ. ಆಮೇಲೆ ಯಾರೂ ಕೈ ಚಾಚಲಿಲ್ಲ, ಎಲ್ಲರೂ ನನ್ನ ಮುಖ ನೋಡಿದರು.

ನಾನು ಒಂದು ಹೋಳಿಗೆ ಎತ್ತಿ ಬಾಯಿಗಿಟ್ಟಿದ್ದರೆ ಮುಗಿದಿತ್ತು, ಸಿದ್ಧಾರ್ಥ್. ಟೀಚರ್ ಏನು ಮಾಡಿದರೆ ಮಕ್ಕಳೂ ಅದನ್ನೇ ಮಾಡುತ್ತವೆ. ಶೇಷಮ್ಮನಿಗೂ ಅದು ಗೊತ್ತಿತ್ತು. ಅವರೇ ಒಂದು ಹೋಳಿಗೆಯನ್ನು ಕಾಗದದ ಮೇಲಿಟ್ಟು, ನೀವರೆ ತಗೋರಿ ಟೀಚರ್ ಅಂತ ನನ್ನ ಮುಂದೆ ಹಿಡಿದರು. ಅದೇ ಹೊತ್ತಿಗೆ ರೌಂಡ್ಸಿಗೆ ಬಂದ ಬೃಂದಾ ಮೇಡಂ ವರಾಂಡದ ಕಿಟಕಿಯ ಹತ್ತಿರ ನಿಂತಿದ್ದರು. ಹನ್ನೊಂದು ವರ್ಷದ ಗುರುವಾರಗಳು ನನ್ನ ನಾಲಿಗೆಯ ಮೇಲೆ ಬಂದು ಕೂತವು. ಇವತ್ತು ಉಪವಾಸ ಕಣಮ್ಮ ಅಂದೆ.

ಮರುಕ್ಷಣವೇ ಹಿಂದಿನಿಂದ ಒಬ್ಬ ಹುಡುಗ, ಮಿಸ್ ನಂದೂ ಉಪವಾಸ ಅಂದ. ಅವನ ಪಕ್ಕದವಳು, ನಂದೂ. ಸೂರ್ಯ, ನಂದೂ ಮಿಸ್. ಒಬ್ಬೊಬ್ಬರಾಗಿ ಇಡೀ ಸಾಲು ಉಪವಾಸ ಮಾಡಿತು. ಅಕ್ತರ್ ಒಬ್ಬ ಮುಂದೆ ಬಂದು ಒಂದು ಹೋಳಿಗೆ ತೆಗೆದುಕೊಂಡು ಮೂಲೆಗೆ ಹೋಗಿ ತಿಂದ, ಅವನ ಋಣ ನನ್ನ ಮೇಲೆ ಯಾವತ್ತೂ ಇರುತ್ತದೆ. ಶೇಷಮ್ಮ ಒಂದು ಸಲ ಎಲ್ಲರನ್ನೂ ನೋಡಿ, ಹೌದೇನ್ರಿ, ಉಪಾಸ ಇದ್ದೋರಿಗೆ ಕೊಡಬಾರದ್ರಿ, ತಪ್ಪಾಗ್ತದ ಅಂತ ಮುಚ್ಚಳ ಹಾಕಿ, ಸೀರೆ ತುಂಡನ್ನು ಮೊದಲು ಇದ್ದ ಹಾಗೆಯೇ ಗಂಟು ಹಾಕಿದರು. ನನಗೆ ಕೈ ಮುಗಿದು ಹೋದರು. ಸುಜಾತಾ ಹೊದಿಕೆ ತೆಗೆದು ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲಿಟ್ಟು ತನ್ನ ಬೆಂಚಿಗೆ ಹೋಗಿ ಕೂತಳು. ಅಳಲಿಲ್ಲ. ನಾನು ರೋಮಿನ ಸಮಾಜ ವ್ಯವಸ್ಥೆ ಅಂತ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದೆ.

ಶೇಷಮ್ಮ ನಮ್ಮಂಥದೇ ಕೇರಿಯಿಂದ ಬಂದವರು ಅಂತ ನೀನು ಅರ್ಜಿ ಬರೆಯುವಾಗಲೇ ಹೇಳಿದ್ದೆ. ಆ ಕ್ಲಾಸಿನಲ್ಲಿ ಅವರ ಕೈಯಿಂದ ಇಸಿದುಕೊಂಡು ತಿನ್ನುವುದಕ್ಕೆ ಯಾರಿಗೂ ಇಲ್ಲದ ಸಲುಗೆ ನನಗಿತ್ತು. ನಮ್ಮಮ್ಮ ಅಂಜಿನಮ್ಮನ ಕೈಯೂ ಹಾಗೇ ಇದೆ, ಬೆರಳ ತುದಿ ಸೋಪಿನ ನೀರಿಗೆ ಸುಕ್ಕಾಗಿ. ಅವಳು ಒಂದು ದಿನವೂ ನನ್ನ ಶಾಲೆ ನೋಡಿಲ್ಲ. ಬರಬೇಡ ಅಂತ ನಾನು ಹೇಳಿಲ್ಲ, ಬಾ ಅಂತಲೂ ಹೇಳಿಲ್ಲ.

ಶುಕ್ರವಾರ ಸುಜಾತಾ ಬಂದಿದ್ದಳು. ರಿವಿಷನ್ ಇತ್ತು, ವಿಶೇಷ ಏನೂ ಆಗಲಿಲ್ಲ. ಸೋಮವಾರದಿಂದ ಬಂದಿಲ್ಲ.

ಈಗ ನನ್ನ ಕೋರಿಕೆ. ಉಚಿತ ಸೀಟಿನ ಮಕ್ಕಳು ತಿಂಗಳ ಕೊನೆಯವರೆಗೂ ಬಾರದಿದ್ದರೆ ಸೀಟು ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಮೇಡಂ ಎರಡು ಸಲ ಕೇಳಿದರು, ಜ್ವರ ಅಂತೆ ಅಂದಿದ್ದೇನೆ. ಸುಳ್ಳಿನಲ್ಲಿ ಪಳಗಿದ ನಾಲಿಗೆ ಇದೊಂದು ಸಲ ಉಪಯೋಗಕ್ಕೆ ಬಂತು. ನೀನು ಹೋಗಿ ಆ ಹುಡುಗಿಯನ್ನು ಹೇಗಾದರೂ ಕರೆದುಕೊಂಡು ಬಾ. ನಿನ್ನ ಮಾತು ಅವರು ಕೇಳುತ್ತಾರೆ. ಮಕ್ಕಳ ಮೇಲೆ ಕೋಪ ಬೇಡ, ಅವರು ಹಾಗೆ ಮಾಡಿದ್ದು ನನ್ನನ್ನು ನೋಡಿ ಅಂತ ಹೇಳು. ಅವಳು ಬಂದ ವಾರ ಇಂಡಿಯಾದ ಪಾಠ ಮಾಡುತ್ತೇನೆ. ಚೀಟಿ ಬೇಡ. ನಮ್ಮೂರು, ನಮ್ಮ ಕೇರಿ, ನಮ್ಮಪ್ಪ, ಆ ಒಣಮೀನಿನ ಡಬ್ಬಿ, ಎಲ್ಲ ಹೇಳುತ್ತೇನೆ. ಬೃಂದಾ ಮೇಡಮ್ಮನ್ನೂ ಕರೆದು ಕೂರಿಸುತ್ತೇನೆ. ಹೇಳುವ ಧೈರ್ಯ ಬರುತ್ತದೋ ಇಲ್ಲವೋ ನನಗೂ ಸಂಶಯವಿದೆ, ನಿನಗೂ ಇರುತ್ತದೆ. ಆದರೂ ಬರೆದು ಕೊಟ್ಟರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ನೀನು ವಾಪಸ್ ಬಾ ಅಂತ ಕೇಳುವುದಿಲ್ಲ. ಕೇಳಬೇಕು ಅನ್ನಿಸುತ್ತದೆ, ದಿನಾ ಅನ್ನಿಸುತ್ತದೆ. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ಬರುತ್ತಿರಲಿಲ್ಲ. ಮೊದಲು ಹುಡುಗಿ ಬರಲಿ.

ಸ್ವೆಟರ್ ಒಗೆದು ಇಟ್ಟಿದ್ದೇನೆ. ಹಲಸೂರಿನ ಆ ಕೋಣೆ ತಂಪು, ಕೆಮ್ಮು ಬಂದರೆ ತಡ ಮಾಡದೆ ತೋರಿಸಿಕೋ.

ಇನ್ನೂ ನಿನ್ನವಳೇ ಅಂದುಕೊಂಡಿರುವ,
ಭಾಗ್ಯ

ಮರೆತದ್ದು: ಮರೆತಿದ್ದಲ್ಲ, ಬಚ್ಚಿಟ್ಟದ್ದು. ಕವರಿಗೆ ಹಾಕಿ ಅಂಟಿಸಿದ್ದೆ, ಮತ್ತೆ ಹರಿದು ತೆಗೆದಿದ್ದೇನೆ. ಶುಕ್ರವಾರ ಏನೂ ಆಗಲಿಲ್ಲ ಅಂತ ಬರೆದದ್ದು ಸುಳ್ಳು.

ಅವತ್ತು ಪ್ರಾರ್ಥನೆಗೆ ಮೊದಲು ಸುಜಾತಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನನ್ನ ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟಳು. ಒಳಗೆ ಎರಡು ಹೋಳಿಗೆ, ಮೇಲೆ ತುಪ್ಪ. ಅವ್ವ ಕೊಟ್ಟಾಳ್ರಿ ಮಿಸ್, ನಿನ್ನೆ ನಿಮ್ಮದು ಉಪಾಸ ಇತ್ತಲ್ರಿ, ಅದಕ್ಕ ಇವತ್ತ ತಿನ್ರಿ ಅಂದಾಳ್ರಿ ಅಂದಳು. ಮಕ್ಕಳು ಸುಳ್ಳು ಹೇಳಿದ್ದು ಶೇಷಮ್ಮನಿಗೆ ಗೊತ್ತಾಗಿತ್ತು. ನನ್ನದನ್ನು ಮಾತ್ರ ಅವರು ನಂಬಿದ್ದರು. ಟೀಚರ್ ಉಪಾಸ ಇರಲಿಲ್ಲಂದ್ರ ಅವರೇ ಮೊದಲು ತಿಂತಿದ್ರು ಅಂತ ರಾತ್ರಿ ಮಗಳಿಗೆ ಸಮಾಧಾನ ಹೇಳಿದ್ದರಂತೆ, ಡಬ್ಬಿ ಕೊಡುವಾಗ ಸುಜಾತಾ ಅದನ್ನೂ ಹೇಳಿದಳು. ಅದೊಂದನ್ನು ನಂಬಿಕೊಂಡು ಆ ಹುಡುಗಿ ಶುಕ್ರವಾರ ಶಾಲೆಗೆ ಬಂದಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದಲ್ಲಿ ಬೃಂದಾ ಮೇಡಂ ಇದ್ದರು. ನಾನು ಡ್ರಾಯರ್ ತೆರೆದು ಆ ಡಬ್ಬಿ ಮುಟ್ಟಿ, ಮತ್ತೆ ಮುಚ್ಚಿ, ನನ್ನ ಚಿತ್ರಾನ್ನ ತೆಗೆದು ತಿಂದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ತಿನ್ನುತ್ತಿರುವಾಗಲೇ ಸುಜಾತಾ ನೋಟ್‌ಬುಕ್ ಇಡಲು ಒಳಗೆ ಬಂದು, ಇಟ್ಟು ಹೋದಳು.

ಸಂಜೆ ಡಬ್ಬಿ ಇಸಿದುಕೊಳ್ಳಲು ಬಂದಳು, ಅವ್ವ ಕೆಲಸಕ್ಕೆ ಬುತ್ತಿ ಒಯ್ಯುವ ಡಬ್ಬಿ ಅದು. ಕೊಟ್ಟೆ. ಮುಚ್ಚಳ ತೆಗೆಯಲಿಲ್ಲ, ಕೈಯಲ್ಲಿ ಭಾರ ನೋಡಿದಳು. ಒಂದು ಸಲ ಉಗುಳು ನುಂಗಿ, ಇವತ್ತೂ ಉಪಾಸ ಏನ್ರಿ ಮಿಸ್ ಅಂತ ಕೇಳಿದಳು.

ಹೌದು ಅಂದೆ.